ಸೇತುವೆಯ ಮೇಲೆ ನಿಂತ ಚುಕ್ಕಿ

ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಫೋನ್ ಎತ್ತಿ ನೋಡಿದೆ. ಚುಕ್ಕಿ ಹಳ್ಳದ ಸೇತುವೆಯ ಮೇಲೆ ನಿಂತಿತ್ತು. ಬೇಳೆಗೆ ಎಸರು ಇಡುವಾಗಲೂ ಅಲ್ಲೇ ಇತ್ತು. ಬೇಳೆ ಬೆಂದು ಇಳಿಸಿದ ಮೇಲೂ ಅದು ಕದಲಿರಲಿಲ್ಲ.

ಆ ಚುಕ್ಕಿ ಎಂದರೆ ಭಾಲ್ಕಿಯ ಶಾಲೆಯಿಂದ ನಮ್ಮ ಠಾಣಾ ಕುಶನೂರಿಗೆ ಬರುವ ಬಸ್ಸು. ಅದರಲ್ಲಿ ನನ್ನ ಚಿಕ್ಕ ಮಗಳು ಮಂಜಿರಿ ಇದ್ದಳು. ಬಸ್ಸು ಎಲ್ಲಿದೆ ಎನ್ನುವುದು ನಮ್ಮ ಫೋನಿನ ನಕಾಶೆಯಲ್ಲಿ ಕಾಣುವ ಹಾಗೆ ಶಾಲೆಯವರು ಹೋದ ವರ್ಷ ವ್ಯವಸ್ಥೆ ಮಾಡಿದ್ದರು. ಅದು ಬಂದ ಮೇಲೆ, ದಾರಿಯಲ್ಲಿ ಯಾರ ಫೋನನ್ನೂ ಎತ್ತಬೇಡಿ ಎಂದು ಡ್ರೈವರ್ ಅಬ್ದುಲ ಮಜೀದರಿಗೆ ತಾಕೀತು ಮಾಡಿದರು. ಹೀಗಾಗಿ ನಮಗೆಲ್ಲ ಚುಕ್ಕಿಯೇ ಗತಿ. ನಮ್ಮ ಅತ್ತೆ ಕಾವೇರಿಬಾಯಿ ಅದನ್ನು ಟಿಕಳಿ, ಅಂದರೆ ಹಣೆಯ ಬೊಟ್ಟು, ಎನ್ನುತ್ತಿದ್ದರು. ದಿನಾ ಸಂಜೆ ಕಟ್ಟೆಯ ಮೇಲೆ ಕೂತು, ಟಿಕಳಿ ಎಲ್ಲಿಗೆ ಬಂತು ಎಂದು ಕೇಳುವರು. ಮಂಜಿರಿ ಒಳಗೆ ಬಂದ ಮೇಲೆಯೇ ಅವರು ಚಹಾ ಕುಡಿಯುತ್ತಿದ್ದುದು.

ಆ ದಿನ ಹಿಂದಿನ ರಾತ್ರಿಯಿಂದ ಮಳೆ ಹಿಡಿದಿತ್ತು. ಸೋಯಾಬೀನ್ ಕೊಯ್ದು ರಾಶಿ ಹಾಕಿದವರೆಲ್ಲ ತಾಡಪತ್ರಿ ಹೊದಿಸಿ ಕೂತಿದ್ದರು. ಹಳ್ಳ ತುಂಬಿದೆ, ನೀರು ಸೇತುವೆಯ ಮೇಲೆ ಹತ್ತಿದೆ ಎಂದು ಮಧ್ಯಾಹ್ನವೇ ಸುದ್ದಿ ಬಂದಿತ್ತು. ಆ ಸೇತುವೆಗೆ ಕಟಕಟೆಯಿಲ್ಲ. ನೀರು ಹತ್ತಿತೆಂದರೆ ರಸ್ತೆ ಯಾವುದು, ಹಳ್ಳ ಯಾವುದು ಎಂದು ಗೊತ್ತಾಗುವುದಿಲ್ಲ.

ಹಿಂದಿನ ಓಣಿಯ ಕೌಸಲ್ಯಾಬಾಯಿ ಸೆರಗಿನಲ್ಲಿ ಫೋನ್ ಮುಚ್ಚಿಕೊಂಡು ಓಡಿ ಬಂದರು. ಅವರ ಮೊಮ್ಮಗಳು ಆಮ್ರಪಾಲಿ ಅದೇ ಬಸ್ಸಿನಲ್ಲಿದ್ದಳು. ಮಗ ಮಚ್ಛೇಂದ್ರ ಹಗ್ಗ ತಗೊಂಡು ಸೇತುವೆಯ ಕಡೆ ಹೋದನಂತೆ. ಶಾಲೆಯ ಫೋನು ಹಚ್ಚಿದರೆ ಎಂಗೇಜ್ ಬರುತ್ತಿತ್ತು. ನಾವಿಬ್ಬರೂ ಒಂದೇ ನಕಾಶೆಯನ್ನು ಎರಡು ಫೋನಿನಲ್ಲಿ ನೋಡುತ್ತ ನಿಂತೆವು, ಒಂದರಲ್ಲಿ ಅಲ್ಲದಿದ್ದರೆ ಇನ್ನೊಂದರಲ್ಲಾದರೂ ಚುಕ್ಕಿ ಮುಂದೆ ಬಂದೀತು ಎನ್ನುವ ಹಾಗೆ.

ಅಷ್ಟರಲ್ಲಿ ನಮ್ಮ ಯಜಮಾನರ ಫೋನು ಬಂತು. ಅವರಿಗೆ ಔರಾದಿನಲ್ಲಿ ನೌಕರಿ. ಕಚೇರಿಯಲ್ಲಿ ಕೂತೇ ಚುಕ್ಕಿ ನೋಡಿದ್ದರು. ಮೋಟರ್‌ಸೈಕಲ್ ಮೇಲೆ ನೇರವಾಗಿ ಸೇತುವೆಗೆ ಹೊರಟಿದ್ದೇನೆ, ಅರ್ಧ ದಾರಿ ಬಂದಿದ್ದೇನೆ ಎಂದರು. ಗಾಳಿಯ ಸದ್ದಿನಲ್ಲಿ ಮುಂದಿನ ಮಾತು ಕೇಳಲಿಲ್ಲ.

ನನಗೆ ಆಗ ಸಾನಿಕಾ ನೆನಪಾದಳು.

ಸಾನಿಕಾ ನನ್ನ ದೊಡ್ಡ ಮಗಳು. ಬೀದರಿನ ಚಿದ್ರಿಯಲ್ಲಿ ಮಕರಂದ ಎನ್ನುವವರ ಸಣ್ಣ ಆಫೀಸಿನಲ್ಲಿ ಕೆಲಸ. ಶಾಲೆ, ಅಂಗಡಿ, ಟ್ಯೂಷನ್ ಕ್ಲಾಸುಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಾರೆ. ಬಸ್ಸಿನ ಚುಕ್ಕಿಯನ್ನೂ ಅವರೇ ಮಾಡಿದ್ದು. ಆ ವಾರ ಅವಳು ಮನೆಯಿಂದಲೇ, ಮಾಳಿಗೆಯ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಿದ್ದಳು.

ಏನು ಕೆಲಸವೆಂದು ಹಿಂದಿನ ದಿನ ಊಟಕ್ಕೆ ಕೂತಾಗ ಹೇಳಿದ್ದಳು. ಅವರ ಗಿರಾಕಿಗಳ ಪ್ರೋಗ್ರಾಂ ಎಲ್ಲ ಒಂದೇ ಸರ್ವರ್ ಮೇಲೆ ಇರುತ್ತವೆ. ಒಂದೊಂದು ಪ್ರೋಗ್ರಾಮಿಗೂ ಬೇರೆಯವರು ಬರೆದಿಟ್ಟ ಲೈಬ್ರರಿಗಳ ಆಸರೆ ಬೇಕು. ಒಂದಕ್ಕೆ ಹೊಸ ಲೈಬ್ರರಿ ಬೇಕು, ಇನ್ನೊಂದು ಹಳೆಯದರ ಮೇಲೆಯೇ ನಡೆಯುತ್ತದೆ. ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಒಂದಕ್ಕಾಗಿ ತಂದದ್ದು ಇನ್ನೊಂದನ್ನು ಕೆಡಿಸುತ್ತದೆ. ಬಟ್ಟೆ ಅಂಗಡಿಯ ಸಲುವಾಗಿ ಹೊಸದು ಹಾಕಿದರೆ ಟ್ಯೂಷನ್ ಕ್ಲಾಸಿನ ಸೈಟು ಬಿದ್ದಿತ್ತಂತೆ. ಅದಕ್ಕೇ ಈಗ ಪ್ರತಿಯೊಂದಕ್ಕೂ ಬೇರೆ ಬೇರೆ ಎನ್ವಿರಾನ್ಮೆಂಟ್ ಮಾಡುತ್ತಿದ್ದೇನೆ ಎಂದಳು. ನಮಗೆ ತಿಳಿಯಲೆಂದು ಅದನ್ನು ಖೋಲಿ, ಅಂದರೆ ಕೋಣೆ, ಎಂದು ಕರೆದಳು.

"ಬ್ಯಾರೆ ಒಲಿ ಹೂಡೋದು ಕಲಿಲಾಕ ಕಾಲೇಜಿಗ್ಯಾಕ ಹೋದಿ?" ಎಂದಿದ್ದರು ಅತ್ತೆ. "ನಿಮ್ಮ ಕಾಕುನ್ನ ಕೇಳಿದ್ರ ಒಂದ ದಿನದಾಗ ಕಲಿಸ್ತಿದ್ಲು."

ಕಾಕು ಎಂದರೆ ನನ್ನ ಮೈದುನನ ಹೆಂಡತಿ, ಮದುವೆಯಾದ ವರ್ಷವೇ ಬೇರೆ ಮನೆ ಮಾಡಿದವಳು. ಎಲ್ಲರೂ ನಕ್ಕಿದ್ದೆವು. ಮರುದಿನ ಸಂಜೆ, ಬೇಳೆಗೆ ಎಸರು ಇಡುವ ಮೊದಲು, ಚಹಾ ಕೊಡಲು ಹೋದಾಗ, ಹೊಸ ಖೋಲಿಗಳೆಲ್ಲ ಆದವು, ಬೆಳಿಗ್ಗೆ ಹಳೆಯದನ್ನು ತೆಗೆದುಹಾಕಿದೆ, ಈಗಷ್ಟೇ ಸರ್ವರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ ಎಂದು ಖುಷಿಯಿಂದ ಹೇಳಿದ್ದಳು.

ನಾನು ಮೆಟ್ಟಿಲು ಹತ್ತಿ ಹೋದೆ. ಅವಳು ಕಿವಿಗೆ ಹಾಡು ಹಚ್ಚಿಕೊಂಡಿದ್ದಳು. ಕೆಳಗಿನ ಗದ್ದಲ ಅವಳಿಗೆ ತಿಳಿದಿರಲಿಲ್ಲ. ಫೋನು ಅವಳ ಮುಂದಿಟ್ಟು, ಚುಕ್ಕಿ ಯಾಕೆ ನಿಂತಿದೆ ನೋಡು ಎಂದೆ.

ಅವಳು ನೋಡಿದಳು. ಏನೇನೋ ಒತ್ತಿದಳು. ಬಸ್ಸಿನಿಂದ ಕೊನೆಯ ಸುದ್ದಿ ಬಂದದ್ದು ಯಾವಾಗ ಎಂದು ಹುಡುಕಿದಳು. ತಾನು ಸರ್ವರ್ ಬಂದ್ ಮಾಡಿದ ಹೊತ್ತು, ಅದು, ಎರಡೂ ಒಂದೇ ಆಗಿತ್ತು. ನಕಾಶೆ ತೋರಿಸುವ ಪ್ರೋಗ್ರಾಂ ಎದ್ದಿತ್ತು, ಬಸ್ಸಿನಿಂದ ಸುದ್ದಿ ತರುವ ಪ್ರೋಗ್ರಾಂ ಏಳಲೇ ಇಲ್ಲ. ಹಾಗಾಗಿ ನಕಾಶೆ ತನಗೆ ಗೊತ್ತಿದ್ದ ಕೊನೆಯ ಜಾಗವನ್ನೇ ತೋರಿಸುತ್ತ ಕೂತಿತ್ತು. ಅವಳು ಎಬ್ಬಿಸಲು ನೋಡಿದಳು. ತನ್ನ ಖೋಲಿಯೇ ಇಲ್ಲ ಎಂದು ಅದು ಹೇಳಿತು.

ಸಾನಿಕಾ ಮಕರಂದರಿಗೆ ಫೋನು ಹಚ್ಚಿದಳು. ಸ್ಪೀಕರ್ ನಾನೇ ಒತ್ತಿದೆ.

"ಸರ್, ಜೆ, ಯು, ಎನ್, ಇ ಅಂತ ಒಂದ ಖೋಲಿ ಇತ್ತಲ್ರಿ. ಅದು ಜುನೆ ಅಲ್ಲೇನ್ರಿ? ಹಳೇದಂತ ತಿಳದ ಅಳಿಸೀನ್ರಿ."

ಮಕರಂದ ಆ ಅಕ್ಷರಗಳನ್ನು ಇನ್ನೊಮ್ಮೆ ಹೇಳಿಸಿಕೊಂಡರು.

"ಅದು ಜೂನ್, ಸಾನಿಕಾ. ಜೂನ್ ತಿಂಗಳು. ಸಾಲಿ ಚಾಲೂ ಆಗೂ ಮುಂದ ಬಸ್ಸಿನ ಸಲುವಾಗೇ ಮಾಡಿದ್ದು. ಅದು ಮೊದಲಿಂದ ಬ್ಯಾರೇನೇ ಇತ್ತು."

ಮನೆಯಲ್ಲಿ ನಾವು ಅರ್ಧ ಕನ್ನಡ, ಅರ್ಧ ಮರಾಠಿ. ಹಳೆಯ ಸೀರೆ, ಹಳೆಯ ಡಬ್ಬಿ, ಎಲ್ಲದಕ್ಕೂ ಜುನೆ ಎನ್ನುವುದೇ ರೂಢಿ. ಆ ನಾಲ್ಕು ಇಂಗ್ಲಿಷ್ ಅಕ್ಷರ ನೋಡಿದ್ದರೆ ನಾನೂ ಹಾಗೇ ಓದುತ್ತಿದ್ದೆ. ಬೆಂಗಳೂರಿನ ಹುಡುಗಿಯಾಗಿದ್ದರೆ ತಪ್ಪು ಮಾಡುತ್ತಿರಲಿಲ್ಲ. ಮತ್ತೆ ಬೆಳಿಗ್ಗೆಯೇ ಯಾಕೆ ಗೊತ್ತಾಗಲಿಲ್ಲ ಎಂದು ಕೇಳಿದೆ. ಓಡುತ್ತಿರುವ ಪ್ರೋಗ್ರಾಂ ತನಗೆ ಬೇಕಾದದ್ದನ್ನು ಆಗಲೇ ಒಳಗೆ ತಗೊಂಡಿರುತ್ತದೆ, ಖೋಲಿ ಅಳಿಸಿದರೂ ಓಡುತ್ತಲೇ ಇರುತ್ತದೆ, ಒಮ್ಮೆ ನಿಲ್ಲಿಸಿ ಮತ್ತೆ ಎಬ್ಬಿಸಿದಾಗಲೇ ಬೀಳುವುದು ಎಂದಳು.

ಒಂದು ಉಸಿರಿನಷ್ಟು ಹೊತ್ತು ನನಗೆ ಹಗುರ ಅನಿಸಿತು. ಚುಕ್ಕಿ ಸುಳ್ಳು. ಬಸ್ಸು ಸೇತುವೆಯ ಮೇಲೆ ಇರಲಿಕ್ಕಿಲ್ಲ. ಆದರೆ ನಿಂತಿರಲಿಕ್ಕಿಲ್ಲ ಎಂದರೆ ದಾಟಿದೆ ಎಂದೂ ಅಲ್ಲ. ಕೊಚ್ಚಿ ಹೋಗಿದ್ದರೂ ಚುಕ್ಕಿ ಅಲ್ಲೇ ಇರುತ್ತಿತ್ತು. ಇತ್ತ ನಮ್ಮ ಯಜಮಾನರು ಆ ಸುಳ್ಳು ಚುಕ್ಕಿಯನ್ನೇ ನಂಬಿ ನೀರಿನ ಹತ್ತಿರ ಹೋಗುತ್ತಿದ್ದರು.

ನಾಲ್ಕಾರು ಸಲ ಹಚ್ಚಿದ ಮೇಲೆ ಅವರ ಫೋನು ತಗುಲಿತು. ನೀರಿನ ಸದ್ದು ಫೋನಿನಲ್ಲೇ ಕೇಳಿಸುತ್ತಿತ್ತು. ಚುಕ್ಕಿ ಕೆಟ್ಟಿದೆ, ಅದನ್ನು ನಂಬಬೇಡಿ, ನೀರಿಗೆ ಇಳಿಯಬೇಡಿ ಎಂದೆ.

"ಕೆಟ್ಟದಂದ್ರ ಬಸ್ಸು ಎಲ್ಲದ?"

ಸಾನಿಕಾ ನೋಡುತ್ತಿದ್ದಾಳೆ, ಸ್ವಲ್ಪ ತಡೆಯಿರಿ ಎಂದೆ.

"ಎಲ್ಲದ ಹೇಳು. ಗೊತ್ತಿಲ್ಲಲ್ಲ ನಿನಗ? ಇಲ್ಲಿ ನೀರಾಗ ಹಳದಿದ್ದು ಏನೋ ಕಾಣಸ್ತದ. ಮಚ್ಛೇಂದ್ರ ಹಗ್ಗ ತಂದಾನ. ನಾ ಇಳಿತೇನಿ."

ಶಾಲೆಯ ಬಸ್ಸು ಹಳದಿ ಬಣ್ಣದ್ದು. ಫೋನು ಕಟ್ ಆಯಿತು. ಮತ್ತೆ ತಗುಲಲಿಲ್ಲ. ಮಚ್ಛೇಂದ್ರನ ಫೋನೂ ತಗುಲಲಿಲ್ಲ.

ಚುಕ್ಕಿ ಸುಳ್ಳೆಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅದು ತಾನೇ ಸರಿದು ಬಸ್ಸು ಇರುವ ಜಾಗಕ್ಕೆ ಹೋಗಬೇಕು. ಸೇತುವೆಯ ಹತ್ತಿರ ನೆರೆದವರಲ್ಲಿ ಯಾರಾದರೊಬ್ಬರು ಫೋನು ನೋಡುತ್ತಿರಬೇಕು. ಬೇರೆ ದಾರಿ ನನಗೆ ಕಾಣಲಿಲ್ಲ. ಸಾನಿಕಾಳಿಗೂ ಅದೇ ಹೊಳೆದಿತ್ತು. ಅವಳು ಆಗಲೇ ಕೂತಿದ್ದಳು.

ಮಳೆಗೆ ಕೋಣೆಯೊಳಗೆ ಫೋನಿನಲ್ಲಿ ಮಾತಾಡಲು ಆಗುತ್ತಿತ್ತು, ನೆಟ್ ಮಾತ್ರ ಸಿಗುತ್ತಿರಲಿಲ್ಲ. ನಾನು ಅವಳ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಮಾಳಿಗೆಯ ಮೂಲೆಯಲ್ಲಿ, ಕಿಟಕಿಯ ಹೊರಗೆ, ತಲೆಯ ಮೇಲೆ ಎತ್ತಿ ಹಿಡಿದು ನಿಂತೆ. ಅಲ್ಲಿಂದ ನೆಟ್ ಅವಳ ಕಂಪ್ಯೂಟರಿಗೆ ಹೋಗುತ್ತಿತ್ತು. ಕೈ ಸ್ವಲ್ಪ ಇಳಿದರೂ ನಿಲ್ಲುತ್ತಿತ್ತು.

ಒಳಗೆ ನನ್ನ ಫೋನಿನಲ್ಲಿ ಮಕರಂದ ಇದ್ದರು. ಸಾನಿಕಾ ಹೊಸ ಖೋಲಿ ಮಾಡಿದಳು. ಲೈಬ್ರರಿ ತರಿಸಿದರೆ ಎಲ್ಲವೂ ಈಗಿನ ಹೊಸವು ಬಂದವು, ಪ್ರೋಗ್ರಾಂ ಅವನ್ನು ಒಪ್ಪಲಿಲ್ಲ. ಅಂಗಡಿಯ ಖೋಲಿಯಲ್ಲೇ ಇದನ್ನೂ ಹಾಕಿಬಿಡಲೇ ಎಂದು ಅವಳು ಕೇಳಿದಳು. ಮಕರಂದ ಬೇಡವೆಂದರು. ಅಲ್ಲಿಯೂ ಇರುವುದು ಹೊಸದೇ, ಇದು ಏಳುವುದಿಲ್ಲ, ಇದ್ದದ್ದೂ ಬೀಳುತ್ತದೆ. ಹಳೆಯ ಲೈಬ್ರರಿಗಳ ನಂಬರನ್ನು ಅವರು ನೆನಪು ಮಾಡಿ ಮಾಡಿ ಒಂದೊಂದಾಗಿ ಹೇಳತೊಡಗಿದರು. ಇವಳು ಹಾಕುವಳು, ಅದು ಬರುವತನಕ ಕಾಯುವಳು. ಒಂದು ಸಲ ತಿರುಗಿ ನನ್ನನ್ನು ನೋಡಿದಳು. ಆರು ವರ್ಷದವಳಿದ್ದಾಗ ಕೈಯಿಂದ ಹಾಲಿನ ಪಾತ್ರೆ ಬಿದ್ದಾಗ ನೋಡಿದ ಹಾಗೆಯೇ ಇತ್ತು ಆ ಮುಖ.

"ಆಯಿ, ಬಾಬಾ ಇಳದಿರ್ತಾರೇನು?"

"ನೀ ಮುಂದ ನೋಡು," ಎಂದೆ. "ನಾ ಇಲ್ಲೇ ಇದ್ದೇನಿ."

ಸೆರಗು ಮೈಗೆ ಅಂಟಿ ನೀರು ಸುರಿಯುತ್ತಿತ್ತು. ಮಂಜಿರಿಯ ಮುಖ ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಬೆಳಿಗ್ಗೆ ಹಾಕಿದ ಜಡೆ ಮಾತ್ರ ಬಂತು.

ಕೊನೆಗೆ ಸಾನಿಕಾ, ಎದ್ದಿತು ಎಂದಳು.

ನಾನು ಒಳಗೆ ಬಂದು ಬಗ್ಗಿ ನೋಡಿದೆ. ಬಸ್ಸಿನ ಯಂತ್ರ ಅಷ್ಟು ಹೊತ್ತು ತನ್ನಲ್ಲೇ ಕೂಡಿಟ್ಟುಕೊಂಡ ದಾರಿಯನ್ನೆಲ್ಲ ಒಮ್ಮೆಗೇ ಕಳಿಸತೊಡಗಿತ್ತು. ಚುಕ್ಕಿ ಸೇತುವೆಯಿಂದ ಹಿಂದಕ್ಕೆ ಸರಿಯಿತು. ಬಂದ ದಾರಿಯಲ್ಲೇ ಭಾಲ್ಕಿಯ ಕಡೆಗೆ ಹೋಯಿತು, ಒಂದು ಸಣ್ಣ ಊರಿನ ಹತ್ತಿರ ಹೊರಳಿತು, ಅಲ್ಲಿ ನಿಂತಿತು. ನೀರು ನೋಡಿ ಮಜೀದರು ಬಸ್ಸು ತಿರುಗಿಸಿಕೊಂಡು ಹೋಗಿದ್ದರು.

ಕೌಸಲ್ಯಾಬಾಯಿ ಕೆಳಗಿನಿಂದಲೇ, ಟಿಕಳಿ ನಡೀತು ಎಂದರು. ಆಮೇಲೆ ಅಳು ಕೇಳಿಸಿತು. ನಾನು ಅಳಲಿಲ್ಲ. ಇವರಿಗೆ ಫೋನು ಹಚ್ಚುತ್ತಲೇ ಇದ್ದೆ. ರಿಂಗ್ ಆಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ರಿಂಗ್ ಆಗುತ್ತಿದೆಯೆಂದರೆ ಫೋನು ನೀರಿಗೆ ಬಿದ್ದಿಲ್ಲ, ದಂಡೆಯ ಮೇಲಿತ್ತು. ಅವರು ಎಲ್ಲಿದ್ದರು?

ಮೊದಲು ಬಂದದ್ದು ಮಂಜಿರಿಯ ದನಿ. ಆ ಊರಲ್ಲಿ ಮಜೀದರ ಫೋನಿನ ಕಂಪನಿಯ ಸಿಗ್ನಲ್ ಇರಲಿಲ್ಲವಂತೆ, ಅಂಗಡಿಯವರ ಫೋನಿನಿಂದ ಮಾತಾಡಿದಳು. ಎಲ್ಲರೂ ಸರಕಾರಿ ಶಾಲೆಯಲ್ಲಿದ್ದೇವೆ, ಊರವರು ಚುರುಮುರಿ ಕೊಟ್ಟರು, ರಾತ್ರಿ ಇಲ್ಲೇ ಮಲಗುತ್ತೇವಂತೆ ಎಂದಳು. ಅವಳಿಗೆ ಅದು ಟ್ರಿಪ್ ಹೋದ ಹಾಗೆ ಆಗಿತ್ತು. ಬಾಬಾ ಎಲ್ಲಿ ಎಂದು ಕೇಳಿದಳು. ಬರ್ತಾರ ಎಂದೆ.

ಮಚ್ಛೇಂದ್ರನ ಫೋನು ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಇವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದಿದ್ದರು. ಎದೆಮಟ್ಟ ನೀರಿನಲ್ಲಿ ಕಾಲು ತಪ್ಪಿತ್ತು. ದಂಡೆಯ ಮೇಲೆ ಯಾರೋ ನಕಾಶೆ ನೋಡಿ ಬಸ್ಸು ಹಿಂದದ ಎಂದು ಕೂಗಿದ ಮೇಲೆ, ಎಲ್ಲರೂ ಸೇರಿ ಹಗ್ಗ ಜಗ್ಗಿ ಇವರನ್ನು ಹೊರಗೆ ತಂದರಂತೆ. ನೀರಿನಲ್ಲಿ ಕಂಡದ್ದು ಯಾರದೋ ಸೋಯಾಬೀನ್ ರಾಶಿಯ ಮೇಲಿಂದ ಹಾರಿ ಬಂದ ಹಳದಿ ತಾಡಪತ್ರಿ.

ಇವರು ಮನೆಗೆ ಬಂದಾಗ ತುಟಿ ನೀಲಿಯಾಗಿತ್ತು. ಅಂಗಿ ತೆಗೆದರೆ ಸೊಂಟದ ಸುತ್ತ ಹಗ್ಗ ಚರ್ಮ ಸುಲಿದಿತ್ತು. ನಾನು ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿದೆ. ಸಾನಿಕಾ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಳು. ಯಾರೂ ಕೇಳುವ ಮೊದಲೇ ಎಲ್ಲ ಹೇಳಿದಳು. ಜುನೆ ಎಂದು ಓದಿದ್ದು, ಅಳಿಸಿದ್ದು, ಒಂದನ್ನೂ ಮುಚ್ಚಿಡಲಿಲ್ಲ.

ಅವರು ಕೇಳಿಸಿಕೊಂಡರು. ಬೈಯಲಿಲ್ಲ.

"ಕಾಲು ತಪ್ಪಿದಾಗ ನನಗ ತಾಡಪತ್ರಿ ಕೈಗೆ ಸಿಕ್ಕಿತ್ತು," ಎಂದರು. "ಅದರ ಕೆಳಗ ಮಂಜಿರಿ ಅದಾಳಂತ ಹಗ್ಗ ಬಿಚ್ಚಾಕ ಹತ್ತಿದ್ದೆ. ಗಂಟು ತೊಯ್ದಿತ್ತು. ಬಿಚ್ಚಲಿಲ್ಲ."

ನಾನು ಎಣ್ಣೆಗೆ ಬೆರಳು ಅದ್ದಲು ಕೈ ಚಾಚಿದೆ. ಸಾನಿಕಾ ಬಟ್ಟಲು ಕೆಳಗಿಟ್ಟು ಏಳಹೋದಳು. ಅವಳ ಮುಂಗೈಯನ್ನು ನನ್ನ ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೇ ಹಚ್ಚಿದೆ.