ಮಾವನ ಮುಖದ ಮೇಲಿನ ನರಿ ಟೋಪಿ

ಸ್ಕ್ಯಾನಿಂಗ್ ಜೆಲ್ ತಣ್ಣಗಿದೆ, ಒಲೆಯ ಹತ್ತಿರ ಇಟ್ಟು ಬೆಚ್ಚಗೆ ಮಾಡಬೇಕಿತ್ತು, ಮಾವನ ಹೊಟ್ಟೆ ಜುಮ್ಮೆಂದಿತು, ಮುಖದ ಮೇಲಿನ ಟೋಪಿಯೂ ಒಮ್ಮೆ ಅಲುಗಿತು — ಹದಿನಾರು ವರ್ಷ ಒಂದೇ ಸೂರಿನಡಿ ಬಾಳಿದರೂ ಬುರುಲ್ ಈ ಹೊಟ್ಟೆಯನ್ನು ಕಂಡವಳಲ್ಲ, ಕಾಣಬಾರದು, ಅಲಾಯ್ ಕಣಿವೆಯ ಸೊಸೆ ಮಾವನೆದುರು ಬರಿದಲೆಯಲ್ಲಿ ನಿಲ್ಲುವುದಿಲ್ಲ, ಅವರ ಹೆಸರೆತ್ತುವುದಿಲ್ಲ, ಈಗಷ್ಟೇ ನರ್ಸ್ ಪೆನ್ನು ಹಿಡಿದು ಹೆಸರೇನು ಡಾಕ್ಟ್ರೇ ಎಂದಾಗಲೂ ಅವಳು ಗೋಡೆ ನೋಡಿದಳು, ಮಾವನೇ ಗುಡುಗಿದರು, ಎರ್ಗೆಶ್ ಅಂತ ಬರ್ಕೊಳಮ್ಮ, ಇವಳು ಸತ್ರೂ ಬಾಯ್ಬಿಡಲ್ಲ. ಆಮೇಲೆ ಶಾಲೆಯ ಡೆಸ್ಕುಗಳನ್ನು ಜೋಡಿಸಿದ ಮಂಚದ ಮೇಲೆ ಬೂಟು ಸಮೇತ ಮಲಗಿ, ಅಂಗಿ ಎತ್ತಿ, ತಲೆಯಲ್ಲಿದ್ದ ನರಿ ತೊಗಲಿನ ಟೋಪಿ ತೆಗೆದು ಮುಖ ಮುಚ್ಚಿಕೊಂಡರು, ನನ್ ಮುಖ ನಿಂಗೆ ಕಾಣಲ್ಲ, ನಿನ್ ಮುಖ ನಂಗೆ ಕಾಣಲ್ಲ, ಇನ್ ನಾಚ್ಕೊಳೋಕೆ ಯಾರಿದಾರೆ ಇಲ್ಲಿ, ಶುರು ಮಾಡು ಮಗಳೇ. ಟೋಪಿಯ ಅಂಚಿನ ಕೆಂಚು ಕೂದಲು ಅವರ ಉಸಿರಿಗೆ ಏಳುತ್ತದೆ, ಮಲಗುತ್ತದೆ.

ಐದು ದಿನದಿಂದ ಶಾಲೆಯ ಈ ತಪಾಸಣೆಗೆ ಬಂದದ್ದು ಬರೀ ಹೆಂಗಸರು, ಗಂಡಸರು ಬೇಲಿಯಾಚೆ ಕುದುರೆ ನಿಲ್ಲಿಸಿ ಕಿಸಕ್ಕೆನ್ನುತ್ತಿದ್ದರು, ಎರ್ಗೆಶನ ಸೊಸೆ ಊರ್ ಗಂಡಸ್ರ ಹೊಟ್ಟೆ ಸವರ್ತಾಳಂತೆ ಕಣ್ರೋ, ಅದು ಮಾವನ ಕಿವಿಗೂ ಬಿತ್ತು, ಬೆಳಗ್ಗೆ ಚಹಾದ ಬೋಗುಣಿಯನ್ನು ಕುಕ್ಕಿ ಎದ್ದರು, ನನ್ ಸೊಸೆ ಓಷ್ ಪಟ್ಣದಲ್ಲಿ ಏಳು ವರ್ಷ ಡಾಕ್ಟ್ರಿಕೆ ಓದಿದ್ದು ಈ ಹೇಡಿಗಳ ಹತ್ರ ನಗಿಸ್ಕೊಳೋಕಾ, ಬೇಲಿಯ ಹತ್ತಿರ ಕುದುರೆ ಇಳಿದು ಎಲ್ಲರಿಗೂ ಕೇಳುವಂತೆ ಕೂಗಿದರು, ಮೊದ್ಲು ನಾನು ಹೋಗ್ತೀನಿ, ಏನ್ ಕಂಡ್ರೂ ಜೋರಾಗ್ ಹೇಳ್ತಾಳೆ, ಕೇಳಿಸ್ಕೊಂಡು ಒಬ್ಬೊಬ್ರೇ ಒಳಗ್ ಬನ್ನಿ. ಬುರುಲ್‌ಗೆ ಆಗ ಎದೆಯುಬ್ಬಿ ಬಂದಿತ್ತು, ಕಣ್ಣಲ್ಲಿ ನೀರೂ. ಕಿಟಕಿಯಾಚೆ ಈಗ ಎಷ್ಟು ಟೋಪಿಗಳು, ನಗು ನಿಂತಿದೆ. ಝೂರಾ ಚಿಕ್ಕಮ್ಮ ಇದ್ದಿದ್ದರೆ — ಪಕ್ಕದ ಮನೆಯ ಝೂರಾ ಚಿಕ್ಕಮ್ಮ ಅರಿಶಿನದ ಹಾಗೆ ಹಳದಿಯಾಗಿ ಸತ್ತಾಗ ಊರೆಲ್ಲ ಕ್ಯಾನ್ಸರ್ ಎಂದಿತು, ಬುರುಲ್ ಒಬ್ಬಳೇ ಆಕೆಯ ಹೊಟ್ಟೆಯ ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದ್ದು, ಹುಳ ತಿಂದ ಕಂಬಳಿಯಂಥ ಪಿತ್ತಜನಕಾಂಗ, ಆಮೇಲೆ ಮನೆ ಮನೆ ಅಲೆದು ಹೀಗೇ ಸತ್ತವರ ಮನೆಗೊಂದರಂತೆ ನಕ್ಷೆಯ ಮೇಲೆ ಕೆಂಪು ಚುಕ್ಕೆ ಇಟ್ಟದ್ದು, ಚುಕ್ಕೆಗಳೆಲ್ಲ ಒಂದೇ ಹಳ್ಳದ ದಂಡೆ ಹಿಡಿದು ಸಾಲುಗಟ್ಟಿದ್ದು, ಆ ದಂಡೆ ತುಂಬ ಇಲಿ ಬಿಲ, ಇಲಿ ತಿಂದ ನರಿ, ಇಲಿ ತಿಂದ ನಾಯಿ, ಅವು ಹುಲ್ಲಲ್ಲಿ ಬಿಟ್ಟ ಹುಳದ ಮೊಟ್ಟೆ, ಕೈಗೆ, ನೀರಿಗೆ, ಬಾಯಿಗೆ, ಅಲ್ಲಿಂದ ಪಿತ್ತಜನಕಾಂಗಕ್ಕೆ, ಗಂಟು ಬೆಳೆಯುತ್ತಿದ್ದರೂ ಹತ್ತು ವರ್ಷ ಒಂದು ನೋವಿಲ್ಲ. ರಾಜಧಾನಿಯ ದೊಡ್ಡ ಡಾಕ್ಟರು ನಕ್ಷೆ ನೋಡಿ ಮಕ್ಕಳ ಚಿತ್ರ ಚೆನ್ನಾಗಿದೆ ಎಂದಿದ್ದರು, ಅದೇ ನಕ್ಷೆ ತೋರಿಸಿಯೇ ಅವಳು ಈ ಯಂತ್ರ ತರಿಸಿದಳು, ತರಿಸಿಯೇ ತೀರಿದಳು. ಮನೆಯ ಗೋಡೆಯ ಮೇಲೆ ಮಾತ್ರ ನಾಲ್ಕು ನರಿ ತೊಗಲು ಹಾಗೇ ಇವೆ. ಬೇಡ ಆತಾ, ಬೇಡಪ್ಪಾ, ಸುಲಿಬೇಡಿ, ಕೈಗೆ ಹತ್ತುತ್ತೆ ಎಂದು ಅವಳು ಅಂದಾಗಲೆಲ್ಲ ಮಾವನದು ಒಂದೇ ಮಾತು — ನಿಮ್ಮಪ್ಪ ಹುಟ್ಟೋಕ್ ಮುಂಚಿಂದ ಸುಲೀತಿದೀನಿ, ನರಿ ನಂಗ್ ಹೆದ್ರಬೇಕು.

ಯಂತ್ರದ ಹಿಡಿ ಪಕ್ಕೆಲುಬಿನ ಕೆಳಗೆ, ಇನ್ನೂ ಸ್ವಲ್ಪ ಒಳಕ್ಕೆ ಓರೆಯಾಗಿ. ಉಸಿರು ಎಳ್ಕೊಳ್ಳಿ ಆತಾ, ಹಾಗೇ ಹಿಡ್ಕೊಳ್ಳಿ, ನಾನ್ ಹೇಳೋವರ್ಗೂ ಬಿಡ್ಬೇಡಿ. ಹದಿನಾರು ವರ್ಷದಲ್ಲಿ ಮೊದಲ ಸಲ ಅವಳು ಹೇಳಿದ್ದನ್ನು ಅವರು ಕೇಳಿದ್ದು, ಅರವತ್ತೊಂಬತ್ತರ ಎದೆ ಉಬ್ಬಿ ನಿಂತಿತು, ಟೋಪಿಯ ಕೂದಲು ನಿಂತಿತು. ಪರದೆಯಲ್ಲಿ ಬೂದು, ಬೂದು, ರಕ್ತನಾಳದ ಕಪ್ಪು, ಮತ್ತೆ ಬೂದು — ಅಲ್ಲಿ. ಜರ್ದಾಳು ಬೀಜದಷ್ಟು ಗಂಟು, ಅಂಚು ಕದಡಿದ್ದು. ಸಿಕ್ಕಿತು! ಝೂರಾ ಚಿಕ್ಕಮ್ಮನದು ಎರಡು ಮುಷ್ಟಿಯಷ್ಟಿತ್ತು, ಇಷ್ಟು ಚಿಕ್ಕದಿರುವಾಗ ಈ ಕಣಿವೆಯಲ್ಲಿ ಯಾರೂ ಹಿಡಿದಿಲ್ಲ, ನಾನು ಹಿಡಿದೆ, ನನ್ನ ಕಣ್ಣು ಹಿಡಿಯಿತು, ಇಷ್ಟಿದ್ದರೆ ಕತ್ತರಿಸಿ ತೆಗೆಯಬಹುದು, ಬದುಕುತ್ತಾರೆ — ಯಾರು, ಥೂ ಬುರುಲ್, ಯಾರ ಹೊಟ್ಟೆಯಿದು, ಹೆಮ್ಮೆಯೇ ಮೊದಲು ಬಂತಲ್ಲ, ಜೀವ ಆಮೇಲೆ ನೆನಪಾಯಿತಲ್ಲ. ಜೋರಾಗಿ ಹೇಳಬೇಕು. ಹೇಳಿದರೆ ಹೊರಗಿನವರು ಓಡುತ್ತಾರೋ, ಒಳಗೆ ಬರುತ್ತಾರೋ, ಬರುತ್ತಾರೆ, ಇವರನ್ನು ನೋಡಿ ಬರುತ್ತಾರೆ, ಆತಾ ನಿಮ್ಮ ಪಿತ್ತಜನಕಾಂಗದಲ್ಲಿ, ಅಲ್ಲ, ಆತಾ ಚಿಕ್ಕದು, ತುಂಬಾ ಚಿಕ್ಕದು, ಕಿಟಕಿಗೆ ಯಾರೋ ಮೂಗೊತ್ತಿದ್ದಾರೆ, ನರ್ಸ್ ಯಾಕೆ ಹೀಗೆ ನೋಡುತ್ತಿದ್ದಾಳೆ, ಟೋಪಿ — ಕೆಂಚು ಕೂದಲು ಏಳುತ್ತಿಲ್ಲ, ಮಲಗುತ್ತಿಲ್ಲ, ಉಬ್ಬಿದ ಎದೆ ನಡುಗುತ್ತಿದೆ, ಬೂಟಿನ ತುದಿ ನಡುಗುತ್ತಿದೆ, ಉಸಿರು ಬಿಡಿ ಎಂದು ತಾನಿನ್ನೂ ಹೇಳಿಯೇ ಇಲ್ಲ, ತಾನು ಹೇಳುವವರೆಗೂ ಅವರು ಬಿಡುವುದಿಲ್ಲ, ಟೋಪಿಯ ಕೂದಲು ಅಲುಗುತ್ತಿಲ್ಲ.