ಬಡಿಸೋ ಮುಂಚೆ ಕೇಳ್ಬೇಕು

ನೋಡಿ ಗುರೂ, ಶಿಕಾಗೋದಿಂದ ಡೆಟ್ರಾಯ್ಟ್‌ವರೆಗೆ ಇರೋ ಅಷ್ಟೂ ಕನ್ನಡಿಗರನ್ನ ಒಂದೇ ಮೇಲ್‌ನಲ್ಲಿ ಅಲ್ಲಾಡಿಸಿದ ಗಂಡು ನಾನು. ಸೋಮು. ಸೌತ್‌ಫೀಲ್ಡ್ ಸೋಮು. ಮೀಸೆ ಈಗಷ್ಟೇ ಬರ್ತಿದೆ, ಹವಾ ಆಗಲೇ ಬಂದಾಗಿದೆ. ನಾನು ಒಂದು ಕ್ಲಿಕ್ ಮಾಡಿದ್ರೆ ಕೋಟೆ ಢಮಾರ್! ಹಿಂದುಗಡೆ ಮ್ಯೂಸಿಕ್ ಬೇಕಿದ್ರೆ ನೀವೇ ಹಾಕ್ಕೊಳಿ.

ಕೋಟೆ ಅಂದ್ರೆ ನಮ್ಮ ಕನ್ನಡ ಈಮೇಲ್ ಗುಂಪು. ವಾಟ್ಸಾಪ್ ಹುಟ್ಟೋಕೂ ಮುಂಚಿಂದು, ಇನ್ನೂ ಉಸಿರಾಡ್ತಿದೆ. ಅದರ ಯಜಮಾನ್ರು ಶಿಕಾಗೋ ಹತ್ರದ ವುಡ್‌ರಿಡ್ಜ್‌ನ ರವಿಶಂಕರ ಅಂಕಲ್, ಮೈಸೂರಿನವರು. ಇಂಟರ್ನೆಟ್ಟು ಫೋನ್ ಲೈನಲ್ಲಿ ಕುಂಯ್ಯೋ ಅಂತ ಬರ್ತಿದ್ದ ಕಾಲದಲ್ಲಿ ಯಾರೋ ಪುಣ್ಯಾತ್ಮ ಗೃಹಪ್ರವೇಶದ ಅಷ್ಟೂ ಫೋಟೋ ಗುಂಪಿಗೆ ಕಳಿಸಿಬಿಟ್ರಂತೆ. ಅದು ಇಳಿಯೋ ತನಕ ಎಲ್ಲರ ಮನೆ ಫೋನೂ ಬಂದ್. ಅವತ್ತೇ ಅಂಕಲ್ ರೂಲ್ ಬರೆದ್ರು: "ಗುಂಪು ಅಂದ್ರೆ ಊಟದ ಪಂಕ್ತಿ ಇದ್ದಂಗೆ. ದೊಡ್ಡ ಫೈಲ್ ಬಡಿಸೋ ಮುಂಚೆ ಕೇಳ್ಬೇಕು. ಬೇಕು ಅಂದೋರ ಎಲೆಗೆ ಮಾತ್ರ ಹಾಕ್ಬೇಕು." ಈಗ ಇಂಟರ್ನೆಟ್ ಬಾಣದ ಥರ ಹೋಗುತ್ತೆ. ರೂಲ್ ಮಾತ್ರ ಕೂತ ಜಾಗ ಬಿಟ್ಟು ಎದ್ದಿಲ್ಲ.

ಈ ಬೇಸಿಗೇಲಿ ಗದಗಿಂದ ನಮ್ಮಜ್ಜಿ ಗಂಗವ್ವ ಬಂದ್ಲು. ಅಜ್ಜಿ ಬೀಸೋ ಕಲ್ಲಿನ ಪದ ಶುರು ಮಾಡಿದ್ರೆ ನಮ್ಮಮ್ಮನ ಮಿಕ್ಸಿ ನಾಚಿಕೊಂಡು ಸುಮ್ಮನಾಗುತ್ತೆ. ಶಿಕಾಗೋದವರು, ಡೆಟ್ರಾಯ್ಟ್‌ನವರು ಸೇರಿ ಮಾಡೋ ಪಿಕ್‌ನಿಕ್ ಹತ್ರ ಬರ್ತಿತ್ತು. ಅಲ್ಲಿ ಹಾಡ್ಬೇಕು ಅಂತ ಅಜ್ಜಿಗೆ ಭಾರಿ ಆಸೆ.

"ಮದಲ ನನ್ನ ಹಾಡು ಮಂದಿಗೆ ಕೇಳಸು. ಚಲೋ ಅನಿಸಿದ್ರ ಅವರ ಕರೀತಾರ," ಅಂದ್ಲು.

ಫೋನಲ್ಲಿ ರೆಕಾರ್ಡ್ ಮಾಡ್ದೆ. ಅಜ್ಜಿ ನಿಲ್ಲಿಸಲೇ ಇಲ್ಲ, ಫೈಲ್ ಕುಂಬಳಕಾಯಿ ಆಯ್ತು. ಒಳ್ಳೇ ಹುಡುಗನ ಥರ ಗುಂಪಲ್ಲಿ ಕೇಳ್ದೆ: "ನಮ್ಮಜ್ಜಿ ಹಾಡು ಇದೆ, ದೊಡ್ಡ ಫೈಲು. ಕಳಿಸ್ಲಾ?"

"ಅಯ್ಯೋ ಬೇಡಪ್ಪಾ, ನಿಂಗ್ಯಾಕೆ ತೊಂದ್ರೆ," ಅಂತ ಪ್ಲೇನ್‌ಫೀಲ್ಡಿನ ನೀಲಾಂಬಿಕಾ ಆಂಟಿ ಬರೆದ್ರು. "ಪರವಾಗಿಲ್ಲ ಬಿಡು, ಬೇರೆಯವ್ರಿಗೆ ಕಳ್ಸು," ಅಂತ ಹರಿ ಅಂಕಲ್. ಆಮೇಲೆ ಸಾಲಾಗಿ ಬೇಡ, ಬೇಡ, ಬೇಡ.

ಅಜ್ಜಿಗೆ ಓದಿ ಹೇಳ್ದೆ.

"ಇನ್ನೊಮ್ಮೆ ಕೇಳು," ಅಂದ್ಲು.

"ಒಂದ್ಸಲ ಬೇಡ ಅಂದ್ಮೇಲೆ ಮತ್ತೆ ಕೇಳಂಗಿಲ್ಲ ಅಜ್ಜಿ. ಅದೂ ರೂಲು."

"ಒಂದ ಸಲಕ್ಕ ಹೂಂ ಅನ್ನೋರು ಯಾರದಾರೋ ಹುಚ್ಚಪ್ಯಾಲಿ? ನಮ್ಮ ಕಡೆ ಕೇಳೂದ ಇಲ್ಲ. ಎಲಿಗೆ ಕೈ ಅಡ್ಡ ಹಿಡದ್ರ ಬೆರಳ ಸಂದ್ಯಾಗ ಹಾಕ್ತೀವಿ!" ಅಂತ ಬೈದ್ಲು. ಆಮೇಲೆ ದನಿ ಇಳಿಸಿ, "ಆದ್ರೂ ಅಷ್ಟು ಮಂದ್ಯಾಗ ಒಬ್ಬರಿಗರ ಬೇಕಾಗಬೇಕಿತ್ತು. ಪಿಕ್ನಿಕ್ಕಿಗೆ ನೀವ ಹೋಗ್ರಿ. ನಾ ಬರಂಗಿಲ್ಲ," ಅಂದ್ಲು. ಒಳಗೆ ಹೋಗಿ ಸೂಟ್‌ಕೇಸಲ್ಲಿ ಇಳಕಲ್ ಸೀರೆ ವಾಪಸ್ ಮಡಚಿಟ್ಲು.

ಅಜ್ಜಿ ಸೀರೆ ಮಡಚಿದ್ರೆ ಮೊಮ್ಮಗ ತೋಳು ಮಡಚ್ಬೇಕು. ಸಿನಿಮಾ ಧರ್ಮ ಅದು. ಲ್ಯಾಪ್‌ಟಾಪ್ ತೆಗೆದು ಇಡೀ ಗುಂಪಿಗೆ ಕುಟ್ಟಿದೆ: "ಕೇಳಿ ಬಡಿಸೋಕೆ ನಾನೇನು ಹೋಟ್ಲು ಇಟ್ಟಿಲ್ಲ. ಗಂಗವ್ವಜ್ಜಿ ಹಾಡು ಇದರ ಜೊತೇಲೇ ಇದೆ. ಗಂಡೆದೆ ಇದ್ರೆ ಕೇಳಿ!" ಕ್ಲಿಕ್.

ಮೊದಲು ನೀಲಾಂಬಿಕಾ ಆಂಟಿ ಫೋನು. "ಸೋಮು, ನನ್ನ ಮೇಲ್‌ನಲ್ಲಿ ಹಾಡೇ ಇಲ್ವಲ್ಲೋ! ಎಲ್ಲರಿಗೂ ಕಳಿಸಿ ನನ್ನೊಬ್ಬಳನ್ನ ಬಿಟ್ಯಾ?"

"ನೀವೇ ಬೇಡ ಅಂದ್ರಲ್ಲಾ ಆಂಟಿ?"

"ಬೇಡ ಅಂದ ತಕ್ಷಣ ಬಿಟ್ಬಿಡೋದಾ? ಯಾರೋ ನಿನ್ನ ಬೆಳೆಸಿದ್ದು?"

ಹಿಂದೇನೇ ಹರಿ ಅಂಕಲ್. "ನಮ್ಮೆಲೆ ದಾಟಿಕೊಂಡು ಹೋದ್ಯಲ್ಲಪ್ಪಾ. ಏನ್ ತಪ್ಪು ಮಾಡಿದ್ವಿ ನಾವು?"

ಪ್ರತಿಯೊಬ್ರಿಗೂ ಅದೇ ಅನುಮಾನ: ಊರಿಗೆಲ್ಲಾ ಹಾಡು ಸಿಕ್ಕಿದೆ, ನಮಗೆ ಮಾತ್ರ ಖಾಲಿ ಎಲೆ. ಕೊನೆಗೆ ಕೋಟೆಯಿಂದಲೇ ಫೋನ್ ಬಂತು. ರವಿಶಂಕರ ಅಂಕಲ್.

"ಅಂಕಲ್, ರೂಲ್ ಮುರಿದಿದ್ದು..."

"ಅದಿರ್ಲಿ ಕಣಯ್ಯಾ. ಪಂಕ್ತಿಗೆಲ್ಲಾ ಬಡಿಸಿ ಯಜಮಾನನ ಎಲೆ ಬಿಡೋದು ಯಾವ ಸೀಮೆ ಮರ್ಯಾದೆ?"

ಫೋನ್ ಸ್ಪೀಕರಲ್ಲಿತ್ತು. ಅಜ್ಜಿ ಬಾಗಿಲಲ್ಲಿ ನಿಂತು ಕೇಳ್ತಿದ್ಲು. ನೆಟ್ಟಗೆ ಬಂದು ಫೋನ್ ಕಿತ್ಕೊಂಡ್ಲು.

"ಅಣ್ಣಾರ, ಆ ತಂಗಳ ಫೈಲ್ ಬಿಡ್ರಿ. ಪಿಕ್ನಿಕ್ಕಿಗೆ ನಾನ ಬರ್ತೀನಿ. ಬಿಸಿಬಿಸಿ ಬಡಸ್ತೀನಿ."

ಶಿಕಾಗೋ, ಡೆಟ್ರಾಯ್ಟ್ ಎರಡಕ್ಕೂ ನಡುಮಧ್ಯ ಅಂತ ಪಿಕ್‌ನಿಕ್ ಕಲಮಜೂನಲ್ಲಿ. ಇಳಕಲ್ ಸೀರೆ ಉಟ್ಟು ಅಜ್ಜಿ ಹಾಡಿದ್ಲು. ಗ್ರಿಲ್ ಮೇಲಿದ್ದ ಜೋಳ ಸೀದು ಹೋದ್ರೂ ಯಾರೂ ಏಳಲಿಲ್ಲ. "ಸಾಕೇನ್ರಿ?" ಅಂತ ಕೇಳಿದ್ಲು. "ಸಾಕಮ್ಮಾ, ನಿಮಗ್ಯಾಕೆ ತೊಂದ್ರೆ," ಅಂದ್ರು ರವಿಶಂಕರ ಅಂಕಲ್, ಕಣ್ಣಲ್ಲಿ ಇನ್ನೊಂದು ಅಂತ ಬೇಡ್ಕೊಂಡು. ಅಜ್ಜಿ ಕಿವಿಗೇ ಹಾಕ್ಕೊಳ್ಳದೆ ಮುಂದಿಂದು ಎತ್ತಿದ್ಲು.

ನಾನೋ, ಕಾಲರ್ ಎತ್ಕೊಂಡು ಟೇಬಲ್ಲಿಂದ ಟೇಬಲ್ಲಿಗೆ ಓಡಾಡ್ದೆ. "ಎಲ್ಲಾ ನಂದೇ ಪ್ಲಾನ್ ಆಂಟಿ. ಖಾಲಿ ಎಲೆ ಕಂಡ್ರೇನೇ ಹೊಟ್ಟೆಗೆ ಹಸಿವು ನೆನಪಾಗೋದು!" ಚಪ್ಪಾಳೆ ಬೇರೆ ಬಿತ್ತು.

ನಿಮ್ಮ ಹತ್ರ ಮುಚ್ಚಿಡೋದೇನು. ಪ್ಲಾನೂ ಇಲ್ಲ, ಮಣ್ಣೂ ಇಲ್ಲ. ಆ ಡೈಲಾಗ್ ಕುಟ್ಟೋ ಜೋಶಲ್ಲಿ ನಾನು ಫೈಲ್ ಅಟ್ಯಾಚ್ ಮಾಡೋದನ್ನೇ ಮರೆತಿದ್ದೆ.