ಶಾಲೆಗೆ ಹೊರಟ ಮಗಳು ಮನೆಗೆ ಬರಲಿಲ್ಲ

ಕ್ಷೌರದಂಗಡಿಯಲ್ಲಿ ನಿಂತರೆ ಊರಿನ ಸುದ್ದಿಯೆಲ್ಲ ಕಿವಿಗೆ ಬೀಳುತ್ತದೆ. ಬೇಡವೆಂದರೂ ಬೀಳುತ್ತದೆ. ಕೈಯಲ್ಲಿ ಕತ್ತರಿ ಹಿಡಿದವನು ಕಿವಿ ಮುಚ್ಚಿಕೊಳ್ಳುವುದು ಹೇಗೆ?

ಆ ಊರಿನ ಕ್ಷೌರಿಕನ ಒಬ್ಬಳೇ ಮಗಳು ಹತ್ತನೇ ತರಗತಿಗೆ ಬಂದಾಗಿನಿಂದ, ಗಿರಾಕಿಗಳು ಏನು ಮಾತಾಡಿದರೂ ಅದು ಅವಳ ವಿಷಯವೇ ಅನ್ನಿಸುತ್ತಿತ್ತು ಅವನಿಗೆ.

"ಪೇಟೆ ಬಸ್ಸಲ್ಲಿ ಹೆಣ್ಣುಮಕ್ಕಳನ್ನ ಕಳಿಸೋದು ಅಂದ್ರೆ ಸುಮ್ನೇನಾ?" ಎಂದು ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತವರೊಬ್ಬರು ಅನ್ನುವರು. "ಓದಿಸಿದ್ರೂ ಕೆಲಸ ಎಲ್ಲಿದೆ?" ಎಂದು ಬೆಂಚಿನ ಮೇಲಿದ್ದವರು ದನಿಗೂಡಿಸುವರು. ಕ್ಷೌರಿಕ ಹ್ಞೂಂಗುಟ್ಟುತ್ತ ಕೆಲಸ ಮಾಡುವನು. ಒಳಗೊಳಗೆ ಅವಲಕ್ಕಿ ಕುಟ್ಟಿದ ಹಾಗೆ ಎದೆ ಹೊಡೆದುಕೊಳ್ಳುವುದು.

ಮಗಳದ್ದು ಮಾತು ಕಡಿಮೆ, ಕೈ ಚುರುಕು. ಅಂಗಡಿಯ ಕೂದಲು ಕತ್ತರಿಸುವ ಯಂತ್ರ ಕೆಟ್ಟು ನಿಂತರೆ ಬಿಚ್ಚಿ, ತಂತಿ ಬೆಸೆದು, ಮತ್ತೆ ಗುಂಯ್‌ಗುಡಿಸಿ ಕೊಡುವಳು. "ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡ್ತೀನಪ್ಪ" ಎನ್ನುವಳು. ಅಪ್ಪ ನಕ್ಕು ಸುಮ್ಮನಾಗುವನು.

ಆದರೆ ಆ ಸಲದ ಪರೀಕ್ಷೆಯಲ್ಲಿ ಅವಳ ಗಣಿತದ ಅಂಕ ಪಾತಾಳಕ್ಕಿಳಿದಿತ್ತು. ಅದೇ ವಾರ ಅವಳು ಕೇಳಿದಳು:

"ಅಪ್ಪಾ, ಗುರುವಾರ ಪೇಟೆ ಪಾಲಿಟೆಕ್ನಿಕ್‌ನಲ್ಲಿ ಹತ್ತನೇ ಕ್ಲಾಸಿನವರಿಗೆ ಕಾಲೇಜು ತೋರಿಸ್ತಾರಂತೆ. ಕರ್ಕೊಂಡು ಹೋಗ್ತೀಯಾ?"

"ನೋಡೋಣ."

ಮಾರನೆಯ ದಿನ ಮತ್ತೆ ಕೇಳಿದಳು.

"ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ? ಮೊದಲು ಗಣಿತ ಪಾಸ್ ಮಾಡು. ಆಮೇಲೆ ಕಾಲೇಜು, ಗೀಲೇಜು!"

ಮಗಳು ಮತ್ತೆ ಆ ಸುದ್ದಿ ಎತ್ತಲಿಲ್ಲ. ಒಳ್ಳೆಯದೇ ಆಯಿತು ಅಂದುಕೊಂಡ ಅವನು.

ಗುರುವಾರ ಸಂಜೆ ಹೆಂಡತಿ ಅಂಗಡಿಗೆ ಓಡುತ್ತ ಬಂದಳು. ಅವಳಿಗೆ ಬೇಕರಿಯಲ್ಲಿ ಕೆಲಸ. ಮೈಗೆಲ್ಲ ಹಿಟ್ಟು ಮೆತ್ತಿಕೊಂಡೇ ಇತ್ತು.

"ಮಗಳು ಇಲ್ಲಿಗೆ ಬಂದ್ಲಾ?"

"ಇಲ್ವಲ್ಲ. ಮನೇಲಿಲ್ವಾ?"

"ಮನೇಲಿಲ್ಲ. ಶಾಲೆಗೆ ಹೋಗಿ ಕೇಳಿದೆ. ಬೆಳಿಗ್ಗೆಯಿಂದ ಬಂದೇ ಇಲ್ವಂತೆ ಕಣ್ರೀ!"

ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ ಕುರ್ಚಿಯಲ್ಲೇ ಉಳಿದ. ಕ್ಷೌರಿಕ ಕತ್ತಿ ಕೆಳಗಿಟ್ಟು ಬೀದಿಗಿಳಿದ. ಮಗಳ ಗೆಳತಿಯ ಮನೆ, ಕೆರೆ ದಂಡೆ, ಹಿಟ್ಟಿನ ಗಿರಣಿಯ ಹಿಂದಿನ ಓಣಿ, ಎಲ್ಲ ಕಡೆ ಹುಡುಕಿದ. ಎದುರಾದವರ ಮುಖದಲ್ಲಿ ಏನೋ ಸುದ್ದಿ ಇದೆಯೇನೋ ಎಂದು ನೋಡುವನು, ಕೇಳಲು ಬಾಯಿ ಬಾರದು. ಅಂಗಡಿಯಲ್ಲಿ ಕೇಳಿದ್ದ ಒಂದೊಂದು ಮಾತೂ ಈಗ ಭೂತವಾಗಿ ಎದುರಿಗೆ ನಿಂತಿತು.

ಎದುರುಮನೆಯ ನರ್ಸಕ್ಕ ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದಳು. ವಿಷಯ ಕೇಳಿದವಳೇ ಚೀಲ ಅಲ್ಲೇ ಇಳಿಸಿದಳು.

"ಅಣ್ಣಾ, ಉಸಿರು ತಗೊಳ್ಳಿ. ಈಚೆಗೆ ಅವಳು ನಿಮ್ಮನ್ನ ಏನಾದ್ರೂ ಕೇಳಿದ್ಲಾ?"

ಕ್ಷೌರಿಕನಿಗೆ ಆಗ ನೆನಪಾಯಿತು. "ಕಾಲೇಜು ತೋರಿಸು ಅಂದಿದ್ಲು. ಇವತ್ತೇ."

ನರ್ಸಕ್ಕನ ತಂಗಿ ಓದಿದ್ದು ಅದೇ ಕಾಲೇಜಿನಲ್ಲಿ. ತಂಗಿಗೆ ಫೋನ್ ಮಾಡಿ ಅಲ್ಲಿಯ ನಂಬರು ಪಡೆದಳು. ಆ ಕಡೆ ಫೋನ್ ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಗಂಡ ಹೆಂಡತಿ ಅವಳ ತುಟಿಯನ್ನೇ ನೋಡುತ್ತ ನಿಂತರು.

"ಹಲೋ... ಹೌದು ಮೇಡಂ... ಎರಡು ಜಡೆ, ನೀಲಿ ಯೂನಿಫಾರ್ಮ್..." ನರ್ಸಕ್ಕ ಕಣ್ಣು ಮುಚ್ಚಿ ತೆರೆದಳು. "ಅಲ್ಲೇ ಇದ್ದಾಳೆ. ಬಸ್ ತಪ್ಪಿತಂತೆ. ಮನೆಗೆ ಫೋನ್ ಮಾಡೋಕೆ ಹೆದರ್ಕೊಂಡು ಕೂತಿದ್ದಾಳೆ."

ಹೆಂಡತಿ ಮನೆಯಲ್ಲೇ ಕಾಯುವೆನೆಂದಳು.

ಕ್ಷೌರಿಕನೂ ನರ್ಸಕ್ಕನೂ ಪೇಟೆಯ ಬಸ್ಸು ಹತ್ತಿದರು. ಕಾಲಿಡಲು ಜಾಗವಿಲ್ಲ. ಒಬ್ಬ ಹುಡುಗಿ ಚೀಲವನ್ನು ಎದೆಗವಚಿ ಮೂಲೆಯಲ್ಲಿ ನಿಂತಿದ್ದಳು. ಅವನ ಮಗಳೂ ಬೆಳಿಗ್ಗೆ ಹೀಗೇ ನಿಂತಿದ್ದಳೇ? ಪಕ್ಕದಲ್ಲಿ ಯಾರಿದ್ದರೋ! ಭಯ ಸಿಟ್ಟಾಗಿ ತಿರುಗಿತು. "ಇವತ್ತು ಅವಳ ಕಾಲು ಮುರೀತೀನಿ" ಎಂದ.

"ಬೈದ್ರೆ ಏನಾಗುತ್ತೆ ಗೊತ್ತಾ?" ಎಂದಳು ನರ್ಸಕ್ಕ. "ಹೋಗೋದನ್ನ ಬಿಡಲ್ಲ, ಹೇಳೋದನ್ನ ಬಿಡ್ತಾಳೆ."

ಕಾಲೇಜಿನ ಲ್ಯಾಬಿನಲ್ಲಿ ಉಪನ್ಯಾಸಕಿಯ ಪಕ್ಕ ಮಗಳು ಕೂತಿದ್ದಳು. ಅಪ್ಪನನ್ನು ಕಂಡದ್ದೇ ಮುಖ ಬಿಳಿಚಿ ಎದ್ದು ನಿಂತಳು. ಬೈಯಲೆಂದು ಬಾಯಿ ತೆರೆದವನಿಗೆ ಅಳು ಬಂತು.

"ಯಾಕಮ್ಮಾ ಹೇಳ್ದೆ ಬಂದೆ?"

"ಕೇಳಿದೆನಲ್ಲಪ್ಪಾ..."

ಅವನು ಅಂಗೈಯಲ್ಲಿ ಕಣ್ಣೊರೆಸಿಕೊಂಡ.

ಉಪನ್ಯಾಸಕಿ ಕುರ್ಚಿ ಕೊಟ್ಟರು. "ಹೇಳದೆ ಬಂದದ್ದು ತಪ್ಪು, ಅದನ್ನ ಅವಳಿಗೂ ಹೇಳಿದ್ದೀನಿ. ಆದ್ರೆ ಇಲ್ಲಿ ತಂತಿ ಬೆಸೆದದ್ದು ನೋಡಿದೆ, ಹುಡುಗಿಗೆ ಕೆಲಸದ ಕೈ ಇದೆ. ಗಣಿತದಲ್ಲಿ ಅಂಕ ಕಡಿಮೆ ಅಂದ್ಲು, ಅದು ಮಾತ್ರ ಗಟ್ಟಿಯಾಗ್ಬೇಕು. ಯಾಕಮ್ಮಾ ಹಿಂದೆ ಬಿದ್ದೆ?"

ಮಗಳು ನೆಲ ನೋಡಿದಳು. "ಗಣಿತ ಮೊದಲನೇ ಪೀರಿಯಡ್ ಮೇಡಂ. ಅಮ್ಮ ನಸುಕಲ್ಲೇ ಬೇಕರಿಗೆ ಹೋಗ್ತಾಳೆ. ನೀರು ಹಿಡಿದು, ಅಡುಗೆ ಮಾಡಿ, ಪಾತ್ರೆ ತೊಳೆದು ಹೋಗೋಷ್ಟರಲ್ಲಿ ಪಾಠ ಅರ್ಧ ಮುಗಿದಿರುತ್ತೆ."

ಕ್ಷೌರಿಕ ತಲೆ ತಗ್ಗಿಸಿದ. ಆ ಹೊತ್ತಿನಲ್ಲಿ ಅವನು ಮನೆಯ ಜಗಲಿಯಲ್ಲಿ ಪೇಪರು ಓದುತ್ತ ಕೂತಿರುತ್ತಿದ್ದ.

ಆದರೂ ಅವನ ಭಯ ಹೋಗಲಿಲ್ಲ. "ಮೇಡಂ, ಆ ಬಸ್ಸು ನೋಡಿದೆ. ದಿನಾ ಹೇಗೆ ಕಳಿಸ್ಲಿ?"

"ನಿಮ್ಮ ಭಯ ಸುಳ್ಳಲ್ಲ" ಎಂದರು ಉಪನ್ಯಾಸಕಿ. "ಒಬ್ಬಳನ್ನೇ ಕಳಿಸ್ಬೇಡಿ. ನಿಮ್ಮ ಕಡೆಯಿಂದ ಬರೋ ಹುಡುಗಿಯರ ಗುಂಪಿದೆ, ಪರಿಚಯ ಮಾಡಿಸ್ತೀನಿ. ಬೇಕಾದ್ರೆ ಹಾಸ್ಟೆಲ್ ಇದೆ. ವಿದ್ಯಾರ್ಥಿವೇತನಕ್ಕೂ ಹಾಕಬಹುದು. ತೊಂದರೆ ಆದ್ರೆ ನಮಗೆ ಹೇಳ್ಬೇಕು, ನಿಮಗೂ ಹೇಳ್ಬೇಕು. ಹೇಳಿದ್ರೆ ಓದು ಬಿಡಿಸ್ತಾರೆ ಅಂತ ಅವಳಿಗೆ ಅನ್ನಿಸ್ಬಾರ್ದು, ಅಷ್ಟೇ."

ಮನೆ ಮುಟ್ಟಿದಾಗ ತಾಯಿ ಮಗಳನ್ನು ತಬ್ಬಿಕೊಂಡು ಬೈದಳು, ಬೈಯುತ್ತಲೇ ಊಟ ಬಡಿಸಿದಳು. ಮರುದಿನ ಬೆಳಿಗ್ಗೆ ಕ್ಷೌರಿಕ ಒಲೆ ಹಚ್ಚಿದ. ಪಲ್ಯ ತಳ ಹಿಡಿಯಿತು. "ಅಪ್ಪಾ, ಈ ಪಾತ್ರೆಗೂ ಕ್ಷೌರ ಮಾಡ್ಬೇಕು" ಎಂದು ಮಗಳು ನಕ್ಕಳು. ಶಾಲೆಗೆ ಮಾತ್ರ ಗಂಟೆ ಹೊಡೆಯುವ ಮೊದಲೇ ಹೋದಳು. ಅವನು ಗಣಿತದ ಮೇಷ್ಟ್ರನ್ನು ಕಂಡು, ಬಿಟ್ಟುಹೋದ ಪಾಠ ಸಂಜೆ ಹೇಳಿಕೊಡಲು ಒಪ್ಪಿಸಿದ.

ಅಂಕ ತಕ್ಷಣ ಏರಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಪಾಸಾದಳು, ಅದರ ಮುಂದಿನದರಲ್ಲಿ ಸ್ವಲ್ಪ ಹೆಚ್ಚು. ಈಗ ಅವಳು ಡಿಪ್ಲೊಮಾ ಓದುತ್ತಿದ್ದಾಳೆ, ಗೆಳತಿಯರ ಜೊತೆ ಅದೇ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಬಸ್ಸು ತಡವಾದರೆ ಅಪ್ಪನ ಜೀವ ಈಗಲೂ ಹೊಯ್ದಾಡುತ್ತದೆ. ಆಗ ನಿಲ್ದಾಣದ ತನಕ ನಡೆದುಹೋಗಿ ಕಾಯುತ್ತಾನೆ.

ಅಮ್ಮಂದಿರೇ, ಅಪ್ಪಂದಿರೇ, ನಿಮಗೂ ಹೆದರಿಕೆ ಇದ್ದೇ ಇರುತ್ತದೆ. ಆ ಹೆದರಿಕೆಗೆ ಮಗಳ ಪುಸ್ತಕ ಮುಚ್ಚಿಸಬೇಡಿ. ಅವಳಿಗೆ ಏನು ಓದಬೇಕೆಂದಿದೆ, ಕೂರಿಸಿಕೊಂಡು ಕೇಳಿ. ಯಾವ ಪಾಠ ಕಷ್ಟವಾಗಿದೆ, ಯಾಕೆ ಕಷ್ಟವಾಗಿದೆ ಎಂದು ಅವಳನ್ನೂ ಮೇಷ್ಟ್ರನ್ನೂ ವಿಚಾರಿಸಿ. ಮನೆಗೆಲಸ ಮನೆಯವರೆಲ್ಲರದ್ದು, ಅವಳೊಬ್ಬಳ ತಲೆಗೆ ಕಟ್ಟಬೇಡಿ. ಹತ್ತನೇ ತರಗತಿ ಮುಗಿಯುವ ತನಕ ಕಾಯದೆ, ಒಂದು ಕಾಲೇಜು, ಒಂದು ಕೆಲಸದ ಜಾಗ ತೋರಿಸಿಕೊಂಡು ಬನ್ನಿ. ಅವಳು ಹೋಗಬೇಕಾದ ದಾರಿಯಲ್ಲಿ ಮೊದಲ ಸಲ ನೀವೂ ಜೊತೆಗೆ ನಡೆಯಿರಿ.